ಸೂಪರ್‌ಕ್ರಿಟಿಕಲ್ ವಿಧಾನದಲ್ಲಿ ಸಾರ ಸಂಗ್ರಹಣೆ

ಸೂಪರ್‌ಕ್ರಿಟಿಕಲ್ ಸ್ಥಿತಿಗೆ ಏರಿಸಿದ ಅನಿಲವನ್ನು ಹಾಯಿಸಿ ಬೀಜ, ಎಲೆ, ತೊಗಟೆ, ಮಣ್ಣು ಮೊದಲಾದವುಗಳಿಂದ ಬೇಕಾದ ಪದಾರ್ಥವನ್ನು ಕರಗಿಸಿ ತೆಗೆದ ಮೇಲೆ, ಆ ಪದಾರ್ಥವನ್ನು ಅನಿಲದಿಂದ ಬಿಡಿಸಿ ಹಿಡಿದಿಡುವ ಹಂತ. ಪ್ರಯೋಗಾಲಯದಲ್ಲಿ ಇದು ಬಹುಮಟ್ಟಿಗೆ ಕೆಲವೇ ಮಿಲಿಲೀಟರ್ ದ್ರಾವಕದೊಳಗೆ ನಡೆಯುತ್ತದೆ. ಕಾರ್ಖಾನೆಯಲ್ಲಿ ಒತ್ತಡ ಇಳಿಸುವ ಉಕ್ಕಿನ ಪಾತ್ರೆಗಳಲ್ಲಿ ನಡೆಯುತ್ತದೆ. ಈ ವಿಧಾನದ ಬಗ್ಗೆ ಬರೆದವರು ಹೆಚ್ಚಾಗಿ ಸಾರ ತೆಗೆಯುವ ಹಂತವನ್ನೇ ಕೊಂಡಾಡಿದ್ದಾರೆ. ತೆಗೆದದ್ದು ಕೈಗೆ ಸಿಗುವುದು ಕೊನೆಯ ಹಂತದಲ್ಲಿ. ಕೈತಪ್ಪಿ ಹೋಗುವುದೂ ಹೆಚ್ಚಾಗಿ ಅಲ್ಲೇ.

ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬೆಳೆಗಳನ್ನು ಮುಂದಿಟ್ಟುಕೊಂಡರೆ ಈ ವಿಷಯದ ಸುಲಭವೂ ಕಠಿಣವೂ ಎರಡೂ ಕಾಣುತ್ತವೆ. ಪಾವಗಡ, ಶಿರಾಗಳ ಕಡಲೆಕಾಯಿ, ಹೊಲದ ಬದುಗಳ ಬೇವು, ಹೊಂಗೆ, ಔಷಧಿ ಗಿಡಗಳಿಗೆ ಹೆಸರಾದ ಕೊರಟಗೆರೆಯ ಸಿದ್ಧರಬೆಟ್ಟದ ಸೊಪ್ಪು-ಬೇರು, ಇವುಗಳೊಳಗಿನ ಪದಾರ್ಥಗಳು ಒಂದೇ ಸ್ವಭಾವದವಲ್ಲ. ಒಂದು ಎಣ್ಣೆಯಾಗಿ ತಳದಲ್ಲಿ ಕೂರುತ್ತದೆ, ಇನ್ನೊಂದು ಗಾಳಿಗೆ ಸೇರಿ ಹೋಗುತ್ತದೆ. ಹಿಡಿಯುವ ಬಗೆ ಅದಕ್ಕೆ ತಕ್ಕಂತೆ ಬದಲಾಗಬೇಕು.

ಅನಿಲದ ಸ್ವಭಾವ

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಇಂಗಾಲದ ಡೈಆಕ್ಸೈಡ್. ಅದರ ಸಂದಿಗ್ಧ (ಕ್ರಿಟಿಕಲ್) ಉಷ್ಣತೆ ಸುಮಾರು 31 ಡಿಗ್ರಿ ಸೆಲ್ಸಿಯಸ್, ಸಂದಿಗ್ಧ ಒತ್ತಡ ಸುಮಾರು 74 ಬಾರ್. ಇವೆರಡನ್ನೂ ದಾಟಿದ ಮೇಲೆ ಅದು ಅನಿಲವೂ ಅಲ್ಲದ, ದ್ರವವೂ ಅಲ್ಲದ ಸ್ಥಿತಿಗೆ ಬರುತ್ತದೆ. ಸಂದುಗೊಂದುಗಳಿಗೆ ಅನಿಲದಂತೆ ನುಗ್ಗುತ್ತದೆ, ದ್ರವದಂತೆ ಕರಗಿಸುತ್ತದೆ. ಕರಗಿಸುವ ಶಕ್ತಿ ಸಾಂದ್ರತೆಯನ್ನು ಅವಲಂಬಿಸಿದೆ. ಸಾಂದ್ರತೆ ಒತ್ತಡದ ಕೈಯಲ್ಲಿದೆ. 40 ಡಿಗ್ರಿಯಲ್ಲಿ 300 ಬಾರ್ ಒತ್ತಡಕ್ಕೆ ಒಂದು ಮಿಲಿಲೀಟರ್ ಸುಮಾರು 0.91 ಗ್ರಾಂ ತೂಗುತ್ತದೆ, 100 ಬಾರ್‌ಗೆ 0.63 ಗ್ರಾಂ, 50 ಬಾರ್‌ಗೆ ಬರೀ 0.11 ಗ್ರಾಂ. ಒತ್ತಡ ಇಳಿದರೆ ಹೊತ್ತುಕೊಂಡದ್ದನ್ನೆಲ್ಲ ಕೆಳಗೆ ಬಿಡಲೇಬೇಕು. ಸಂಗ್ರಹಣೆಯ ತತ್ವವೆಲ್ಲ ಇಷ್ಟೇ. ಅದನ್ನು ಆಚರಣೆಗೆ ತರುವಾಗಲೇ ತೊಡಕು.

ಆ 31 ಡಿಗ್ರಿಯ ಗಡಿಯನ್ನು ನಮ್ಮ ಬಿಸಿಲೇ ದಾಟಿಸಿಬಿಡುತ್ತದೆ. ಪಾವಗಡ ತಾಲ್ಲೂಕಿನ ತಿರುಮಣಿ ಸೌರ ವಿದ್ಯುತ್ತಿಗೆ ಹೆಸರಾದ ಊರು. ಅಲ್ಲಿ ಬೇಸಿಗೆಯ ಮಧ್ಯಾಹ್ನ 38 ಡಿಗ್ರಿ ದಾಟುವುದು ಹೊಸದಲ್ಲ. ಅಂದರೆ ಅಲ್ಲಿಯ ಬಿಸಿಲಿಗಿಟ್ಟ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಲ್ಲಿ ದ್ರವ ಎನ್ನುವುದೇ ಉಳಿದಿರುವುದಿಲ್ಲ. ಉಪಕರಣದ ಪಂಪಿಗಾದರೋ ದ್ರವವೇ ಬೇಕು. ಹಾಗಾಗಿ ಸಿಲಿಂಡರನ್ನು ನೆರಳಿನಲ್ಲಿಟ್ಟು, ಪಂಪಿನ ತಲೆಯನ್ನು 5 ಡಿಗ್ರಿಯ ಆಸುಪಾಸಿಗೆ ತಂಪು ಮಾಡಬೇಕಾಗುತ್ತದೆ. ಸಂಗ್ರಹಣೆಯ ತುದಿಯಲ್ಲೂ ಅದೇ ಕಥೆ: ಡೈಕ್ಲೋರೋಮೀಥೇನ್ ಎಂಬ ಜನಪ್ರಿಯ ದ್ರಾವಕ ಕುದಿಯುವುದು 39.6 ಡಿಗ್ರಿಗೆ. ಪಾವಗಡದ ಏಪ್ರಿಲ್‌ನಲ್ಲಿ ತಂಪು ಮಾಡದ ಕೋಣೆಯಲ್ಲಿ ಅದನ್ನು ಸೀಸೆಯಲ್ಲಿ ತೆರೆದಿಟ್ಟರೆ ಪ್ರಯೋಗಕ್ಕೆ ಮೊದಲೇ ಅರ್ಧ ಖಾಲಿ. ಐರೋಪ್ಯ, ಅಮೆರಿಕದ ಪ್ರಯೋಗಾಲಯಗಳ ಕೈಪಿಡಿಗಳಲ್ಲಿ 'ಕೋಣೆಯ ಉಷ್ಣತೆ' ಎಂದು ಬರೆದದ್ದನ್ನು ನಮ್ಮ ಬಯಲುಸೀಮೆಯಲ್ಲಿ ಹಾಗೇ ಪಾಲಿಸಬಾರದು.

ಒತ್ತಡ ಇಳಿಯುವ ಜಾಗ

ಸಾರ ಹೊತ್ತ ಅನಿಲ ಹೊರಬರುವುದು ರಿಸ್ಟ್ರಿಕ್ಟರ್ ಎಂಬ ಅತಿ ಕಿರಿದಾದ ದಾರಿಯಿಂದ. ಹಳೆಯ ಉಪಕರಣಗಳಲ್ಲಿ ಅದು ಒಳವ್ಯಾಸ 15ರಿಂದ 50 ಮೈಕ್ರೋಮೀಟರ್ ಇರುವ ಸಿಲಿಕಾ ನಳಿಕೆ. ಹೊಸವುಗಳಲ್ಲಿ ರಂಧ್ರವನ್ನು ಹಿಗ್ಗಿಸಿ ಕುಗ್ಗಿಸಬಲ್ಲ ಕವಾಟ. ಇದರ ಒಂದು ಕಡೆ ನೂರಾರು ಬಾರ್, ಇನ್ನೊಂದು ಕಡೆ ಬರೀ ವಾತಾವರಣದ ಒತ್ತಡ. ಪಂಪು ನಿಮಿಷಕ್ಕೆ ಒಂದು ಮಿಲಿಲೀಟರ್ ದ್ರವ ನೂಕಿದರೆ, ಹೊರಗೆ ಬರುವಾಗ ಅದು ಸುಮಾರು 500 ಮಿಲಿಲೀಟರ್ ಅನಿಲವಾಗಿ ಹಿಗ್ಗಿರುತ್ತದೆ. ಅಷ್ಟು ಅನಿಲ ಹತ್ತು-ಹದಿನೈದು ಮಿಲಿಲೀಟರ್ ದ್ರಾವಕದ ಮೂಲಕ ಅರ್ಧ ಗಂಟೆ ಗುಳುಗುಳು ಎನ್ನುತ್ತಾ ಹಾದುಹೋಗಬೇಕು. ಒಟ್ಟು 15 ಲೀಟರ್ ಅನಿಲ! ಇದರಲ್ಲಿ ಏನೂ ಕೊಚ್ಚಿಹೋಗದಿದ್ದರೆ ಅದೇ ಆಶ್ಚರ್ಯ.

ಹಿಗ್ಗುವ ಅನಿಲ ತಣ್ಣಗಾಗುತ್ತದೆ. ಇದನ್ನು ಜೌಲ್–ಥಾಮ್ಸನ್ ಪರಿಣಾಮ ಎನ್ನುತ್ತಾರೆ. ಇಂಗಾಲದ ಡೈಆಕ್ಸೈಡ್‌ನಲ್ಲಿ ಈ ತಂಪು ಎಷ್ಟು ಜೋರೆಂದರೆ ನಳಿಕೆಯ ತುದಿಯಲ್ಲಿ ಒಣ ಮಂಜುಗಡ್ಡೆಯೇ ಕಟ್ಟಬಹುದು (ವಾತಾವರಣದ ಒತ್ತಡದಲ್ಲಿ ಅದರ ಉಷ್ಣತೆ ಮೈನಸ್ 78.5 ಡಿಗ್ರಿ). ಮಾದರಿಯಲ್ಲಿ ತೇವವಿದ್ದರೆ ನೀರೂ ಹೆಪ್ಪುಗಟ್ಟುತ್ತದೆ, ಎಣ್ಣೆ-ಮೇಣಗಳಿದ್ದರೆ ಅವೂ ಅಲ್ಲೇ ಗಟ್ಟಿಯಾಗುತ್ತವೆ. ನಳಿಕೆ ಕಟ್ಟಿಕೊಳ್ಳುತ್ತದೆ. ಈ ವಿಧಾನದಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಮೊದಲು ಹೇಳುವ ದೂರು ಇದು. ಪರಿಹಾರವೆಂದರೆ ನಳಿಕೆಯನ್ನು 100 ಡಿಗ್ರಿಗೋ ಅದಕ್ಕೂ ಹೆಚ್ಚಿಗೋ ಬಿಸಿ ಮಾಡುವುದು. ಹೀಗೆ ಬಿಸಿ ಮಾಡಿದಾಗ ದಾರಿ ತೆರೆದಿರುತ್ತದೆ, ಆದರೆ ಬಿಸಿ ಅನಿಲ ನೇರ ದ್ರಾವಕಕ್ಕೆ ನುಗ್ಗಿ ಅದನ್ನೂ ಅದರೊಳಗಿನ ಸುವಾಸನೆಯ ಪದಾರ್ಥಗಳನ್ನೂ ಹೊತ್ತೊಯ್ಯುತ್ತದೆ. ಒಂದು ಕಡೆ ಗೆದ್ದರೆ ಇನ್ನೊಂದು ಕಡೆ ಸೋಲು. ನಡುವಿನ ದಾರಿಯನ್ನು ಪ್ರತಿ ಮಾದರಿಗೂ ಹುಡುಕಿಕೊಳ್ಳಬೇಕು.

ದ್ರಾವಕದಲ್ಲಿ ಹಿಡಿಯುವುದು

ಅತ್ಯಂತ ಅಗ್ಗದ, ಎಲ್ಲರೂ ಮೊದಲು ಕೈಹಾಕುವ ವಿಧಾನವಿದು. ಗಾಜಿನ ಸೀಸೆಯಲ್ಲಿ ದ್ರಾವಕ ತುಂಬಿ, ನಳಿಕೆಯ ತುದಿಯನ್ನು ತಳದ ಹತ್ತಿರ ಮುಳುಗಿಸಿದರೆ ಆಯಿತು. ನಷ್ಟಕ್ಕೆ ಮಾತ್ರ ಮೂರು ದಾರಿಗಳಿವೆ. ಪದಾರ್ಥ ದ್ರಾವಕದಲ್ಲಿ ಕರಗದೆ ಗುಳ್ಳೆಯೊಳಗೇ ಉಳಿದು ಮೇಲೆ ಬಂದು ಹೋಗಬಹುದು. ಕರಗಿದ ಮೇಲೂ ಅನಿಲದ ಹರಿವು ಅದನ್ನು ಆವಿಯಾಗಿ ಎಳೆದೊಯ್ಯಬಹುದು. ಮೂರನೆಯದು ಹೆಚ್ಚು ಜನ ಗಮನಿಸದ್ದು: ಕುಕ್ಕರ್ ಸೀಟಿ ಹೊಡೆದಾಗ ಬೇಳೆಕಟ್ಟು ಮುಚ್ಚಳದ ಸುತ್ತ ಸಿಡಿಯುವಂತೆ, ವೇಗವಾಗಿ ಹೊರಬರುವ ಅನಿಲ ಸಾರವನ್ನು ಕಣ್ಣಿಗೆ ಕಾಣದ ಹನಿಗಳ ಮಂಜಾಗಿ ಹೊರಗೆ ಚಿಮ್ಮಿಸುತ್ತದೆ. ಈ ಮೂರನೆಯ ದಾರಿಯಿಂದ ಆವಿಯಾಗದ ಪದಾರ್ಥವೂ ತಪ್ಪಿಸಿಕೊಳ್ಳಬಲ್ಲದು.

ಇವುಗಳನ್ನು ಕಟ್ಟಿಹಾಕಲು ಅನುಭವದಿಂದ ಕೆಲವು ಉಪಾಯಗಳು ಬಂದಿವೆ. ಅಗಲದ ಸೀಸೆಗಿಂತ ಕಿರಿದಾದ, ಎತ್ತರದ ಸೀಸೆ ಒಳ್ಳೆಯದು. ಅಷ್ಟೇ ದ್ರಾವಕದಲ್ಲಿ ಗುಳ್ಳೆ ಹೆಚ್ಚು ದೂರ ಸಾಗಬೇಕಾಗುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ಒಳ್ಳೆಯದು. ಹರಿವನ್ನು ನಿಧಾನಿಸಬೇಕು. ದ್ರಾವಕವನ್ನು ತಂಪಾಗಿಡಬೇಕು, ಸೀಸೆಗೆ ಮುಚ್ಚಳ ಹಾಕಿ ಒಳಗೆ ಸ್ವಲ್ಪ ಒತ್ತಡ ಉಳಿಸಿಕೊಂಡರೆ ಇನ್ನೂ ಮೇಲು. ನಷ್ಟವಾದ ದ್ರಾವಕವನ್ನು ನಡುನಡುವೆ ತುಂಬುತ್ತಿರಬೇಕು. ಕೆಲವರು ನಿಧಾನವಾಗಿ ಆವಿಯಾಗುವ ಐಸೋಆಕ್ಟೇನ್‌ನಂಥದನ್ನು ಸ್ವಲ್ಪ ಬೆರೆಸುತ್ತಾರೆ. ಉಳಿದದ್ದು ಹೋದರೂ ಅದು ಸಾರವನ್ನು ಹಿಡಿದುಕೊಂಡಿರುತ್ತದೆ.

ಯಾವ ದ್ರಾವಕ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಎಣ್ಣೆ, ಮೇಣಗಳಿಗೆ ಹೆಕ್ಸೇನ್ ಸರಿ. ಅದು 69 ಡಿಗ್ರಿಗೆ ಕುದಿಯುತ್ತದೆ. ಹೆಚ್ಚು ಧ್ರುವೀಯವಾದ ಔಷಧಿ ಅಂಶಗಳಿಗೆ ಮೆಥನಾಲ್ (65 ಡಿಗ್ರಿ) ಅಥವಾ ಅಸಿಟೋನ್ (56 ಡಿಗ್ರಿ). ತಿನ್ನುವ ಪದಾರ್ಥವಾದರೆ ಎಥನಾಲ್ (78 ಡಿಗ್ರಿ) ಬಿಟ್ಟು ಬೇರೆಯದನ್ನು ಯೋಚಿಸದಿರುವುದೇ ಲೇಸು. ತಂಪಿನ ಹುರುಪಿನಲ್ಲಿ ಒಂದು ವಿಷಯ ಮರೆಯಬಾರದು: ಬೆಂಜೀನ್ 5.5 ಡಿಗ್ರಿಗೆ, ಸೈಕ್ಲೋಹೆಕ್ಸೇನ್ 6.5 ಡಿಗ್ರಿಗೆ ಹೆಪ್ಪುಗಟ್ಟುತ್ತವೆ. ಒಣ ಮಂಜು ಕಟ್ಟುವ ನಳಿಕೆಯ ತುದಿಯಲ್ಲಿ ಅವು ಗಡ್ಡೆಯಾಗುತ್ತವೆ. ಮುಂದಿನ ಪರೀಕ್ಷೆಯನ್ನೂ ನೋಡಬೇಕು. ಕ್ಲೋರಿನ್‌ಯುಕ್ತ ಕೀಟನಾಶಕಗಳನ್ನು ಎಲೆಕ್ಟ್ರಾನ್ ಕ್ಯಾಪ್ಚರ್ ಶೋಧಕದಲ್ಲಿ ಅಳೆಯುವವರು ಡೈಕ್ಲೋರೋಮೀಥೇನ್‌ನಲ್ಲಿ ಸಂಗ್ರಹಿಸಿದರೆ ಶೋಧಕಕ್ಕೆ ಮೊದಲು ಕಾಣುವುದು ದ್ರಾವಕದ ಕ್ಲೋರಿನ್ನೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 3560ನೆಯ ವಿಧಾನದಲ್ಲಿ ಮಣ್ಣಿನ ಪೆಟ್ರೋಲಿಯಂ ಅಂಶವನ್ನು ಟೆಟ್ರಾಕ್ಲೋರೋಎಥಿಲೀನ್‌ನಲ್ಲಿ ಹಿಡಿಯುವುದೂ ಇಂಥದೇ ಕಾರಣಕ್ಕೆ: ಅವಕೆಂಪು ಕಿರಣದ ಪರೀಕ್ಷೆಯಲ್ಲಿ ಆ ದ್ರಾವಕದ ಇಂಗಾಲ-ಜಲಜನಕ ಬಂಧ ಅಡ್ಡಬರುವುದಿಲ್ಲ, ಏಕೆಂದರೆ ಅದರಲ್ಲಿ ಜಲಜನಕವೇ ಇಲ್ಲ.

1990ರ ದಶಕದ ಮೊದಲಲ್ಲಿ ಅಮೆರಿಕದ ನಾರ್ತ್ ಡಕೋಟಾ ವಿಶ್ವವಿದ್ಯಾಲಯದ ಸ್ಟೀವನ್ ಹಾಥಾರ್ನ್ ಮತ್ತು ಸಂಗಡಿಗರು ದ್ರಾವಕದ ಬಗೆ, ಉಷ್ಣತೆ, ಪ್ರಮಾಣಗಳನ್ನು ಒಂದೊಂದಾಗಿ ಬದಲಿಸಿ ಪರೀಕ್ಷಿಸಿದರು. ಆ ನಂತರವೇ ಸಂಗ್ರಹಣೆ ಪ್ರತ್ಯೇಕ ಅಧ್ಯಯನದ ವಿಷಯವಾಯಿತು ಎನ್ನಬಹುದು.

ದ್ರಾವಕವಿಲ್ಲದೆ, ಅಥವಾ ಆಮೇಲೆ

ಇನ್ನೊಂದು ದಾರಿ ಘನ ಬಲೆ. ಸಿಲಿಕಾಕ್ಕೆ ಹದಿನೆಂಟು ಇಂಗಾಲದ ಸರಪಣಿ ಅಂಟಿಸಿದ ಪುಡಿ, ಫ್ಲೋರಿಸಿಲ್, ಇಲ್ಲವೇ ಬರೀ ಉಕ್ಕಿನ ಮಣಿಗಳನ್ನು ತುಂಬಿದ ಪುಟ್ಟ ಕೊಳವೆಯ ಮೇಲೆ ಅನಿಲವನ್ನು ಬಿಡುತ್ತಾರೆ. ಸಾರ ಅಂಟಿಕೊಳ್ಳುತ್ತದೆ, ಅನಿಲ ಹೋಗುತ್ತದೆ, ಕೊನೆಗೆ ಒಂದೆರಡು ಮಿಲಿಲೀಟರ್ ದ್ರಾವಕದಿಂದ ತೊಳೆದುಕೊಳ್ಳುತ್ತಾರೆ. ವರ್ಜೀನಿಯಾ ಟೆಕ್‌ನ ಲ್ಯಾರಿ ಟೇಲರ್ ಅವರ ಗುಂಪು ಇದನ್ನು ಆಳವಾಗಿ ಅಭ್ಯಾಸ ಮಾಡಿತು. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ 7680 ಉಪಕರಣ ಈ ತತ್ವದ್ದಾಗಿತ್ತು. ದ್ರಾವಕದ ನಷ್ಟವಿಲ್ಲ, ಬಲೆಯ ಉಷ್ಣತೆಯನ್ನು ಬೇಕಾದಂತೆ ಇಡಬಹುದು. ತೊಂದರೆ ಬರುವುದು ಅನಿಲಕ್ಕೆ ಮೆಥನಾಲ್‌ನಂಥ ಸಹಾಯಕ ದ್ರಾವಕ ಬೆರೆಸಿದಾಗ. ಬಲೆ ತಂಪಾಗಿದ್ದರೆ ಮೆಥನಾಲ್ ಅಲ್ಲೇ ದ್ರವವಾಗಿ ನಿಂತು ಅಂಟಿದ್ದನ್ನು ತೊಳೆದುಬಿಡುತ್ತದೆ. ಬಲೆಯನ್ನು 65 ಡಿಗ್ರಿಗಿಂತ ಮೇಲಿಟ್ಟರೆ ಹಗುರ ಪದಾರ್ಥಗಳು ನಿಲ್ಲುವುದಿಲ್ಲ. ಬರೀ ಖಾಲಿ ಪಾತ್ರೆಯಲ್ಲಿ, ಅತಿಶೀತದಲ್ಲಿ ಹಿಡಿಯುವುದೂ ಉಂಟು. ಸಾರವನ್ನು ನೇರವಾಗಿ ಗ್ಯಾಸ್ ಕ್ರೊಮಟೋಗ್ರಾಫಿಗೆ ಕಳಿಸುವುದೂ ಉಂಟು. ಸಾರದ ಒಂದು ಕಣವೂ ಹಾಳಾಗದ ವಿಧಾನವದು, ಆದರೆ ಒಮ್ಮೆ ತಪ್ಪಿದರೆ ಮತ್ತೆ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ.

ಕಡಲೆಕಾಯಿ ಮತ್ತು ಬೇವು

ಕಡಲೆಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ. ಗಾಣದಲ್ಲಿ ಅರೆದರೆ, ಎಕ್ಸ್‌ಪೆಲ್ಲರ್‌ನಲ್ಲಿ ಹಿಂಡಿದರೆ ಹಿಂಡಿಯಲ್ಲಿ ಒಂದಿಷ್ಟು ಉಳಿಯುತ್ತದೆ. ಅದನ್ನು ಹೆಕ್ಸೇನ್‌ನಿಂದ ತೆಗೆಯುವುದು ರೂಢಿ. ಸೂಪರ್‌ಕ್ರಿಟಿಕಲ್ ವಿಧಾನದಲ್ಲಿ ಹೆಕ್ಸೇನ್ ಬೇಡ, ಆದರೆ ಕೊಬ್ಬು ಚೆನ್ನಾಗಿ ಕರಗಲು ಒತ್ತಡ ಬಹಳ ಏರಿಸಬೇಕು. ಸಂಗ್ರಹಣೆಯ ದೃಷ್ಟಿಯಿಂದ ಇದು ಅತಿ ಸುಲಭದ ಸಾರ. ಎಣ್ಣೆ ಆವಿಯಾಗುವುದಿಲ್ಲ, ಗಾಜಿನ ಉಣ್ಣೆ ತುರುಕಿದ ಖಾಲಿ ಸೀಸೆ ಸಾಕು, ಕೊನೆಗೆ ತೂಗಿದರೆ ಲೆಕ್ಕ ಸಿಗುತ್ತದೆ. ಎಣ್ಣೆಬೀಜಗಳ ಎಣ್ಣೆ ಪ್ರಮಾಣ ಅಳೆಯಲು ಅಮೆರಿಕದ ಎಣ್ಣೆ ರಸಾಯನಜ್ಞರ ಸಂಘ ಒಪ್ಪಿಕೊಂಡ ಎಎಂ 3-96 ವಿಧಾನ ಈ ಬಗೆಯದು.

ಅದೇ ಬೀಜದಲ್ಲಿ ಅಫ್ಲಾಟಾಕ್ಸಿನ್ ಹುಡುಕಹೊರಟರೆ ಚಿತ್ರ ತಿರುಗುಮುರುಗಾಗುತ್ತದೆ. ಒಣಗಿಸುವಾಗ ತೇವ ಉಳಿದ ಕಾಯಿಯಲ್ಲಿ ಬೂಷ್ಟಿನಿಂದ ಬೆಳೆಯುವ ಈ ವಿಷಕ್ಕೆ ಐರೋಪ್ಯ ಒಕ್ಕೂಟ ನೇರವಾಗಿ ತಿನ್ನುವ ಕಡಲೆಬೀಜದಲ್ಲಿ ಇಟ್ಟಿರುವ ಒಟ್ಟು ಮಿತಿ ಕಿಲೋಗೆ 4 ಮೈಕ್ರೋಗ್ರಾಂ. ಹತ್ತು ಗ್ರಾಂ ಬೀಜದಲ್ಲಿ ಆ ಮಟ್ಟದ ವಿಷವೆಂದರೆ 40 ನ್ಯಾನೋಗ್ರಾಂ. ಜೊತೆಗೆ ಬರುವ ಎಣ್ಣೆ 5 ಗ್ರಾಂ. ವಿಷಕ್ಕಿಂತ ಹನ್ನೆರಡು ಕೋಟಿ ಪಟ್ಟು ಹೆಚ್ಚು! ವಿಷ ತೆಗೆಯಲು ಮೆಥನಾಲ್ ಬೆರೆಸಲೇಬೇಕು, ಎಣ್ಣೆ ನಳಿಕೆಯನ್ನು ಕಟ್ಟುತ್ತದೆ, ಸೀಸೆಯ ದ್ರಾವಕವೆಲ್ಲ ಜಿಡ್ಡಾಗುತ್ತದೆ. ಮೊದಲು ಶುದ್ಧ ಅನಿಲದಿಂದ ಎಣ್ಣೆಯನ್ನು ಒಂದು ಸೀಸೆಗೆ ಇಳಿಸಿ, ಆಮೇಲೆ ಮೆಥನಾಲ್ ಬೆರೆಸಿ ವಿಷವನ್ನು ಇನ್ನೊಂದು ಸೀಸೆಯಲ್ಲಿ ಹಿಡಿಯುವುದು ಬುದ್ಧಿವಂತಿಕೆ. ಹೊಲದವರಿಗೆ ಇದರಿಂದ ಸಿಗುವ ಪಾಠ ಮಾತ್ರ ಹಳೆಯದೇ: ಕಾಯಿಯನ್ನು ಚೆನ್ನಾಗಿ ಒಣಗಿಸಿ.

ಬೇವಿನ ಬೀಜದ ಅಜಾಡಿರಾಕ್ಟಿನ್‌ಗೂ ಮೆಥನಾಲ್ ಸಹಾಯ ಬೇಕು. ಹರಿವಿನಲ್ಲಿ ನೂರಕ್ಕೆ ಹತ್ತು ಪಾಲು ಮೆಥನಾಲ್ ಇದ್ದು, ನಿಮಿಷಕ್ಕೆ ಒಂದು ಮಿಲಿಲೀಟರ್‌ನಂತೆ ಅರ್ಧ ಗಂಟೆ ಓಡಿಸಿದರೆ ಸೀಸೆಗೆ 3 ಮಿಲಿಲೀಟರ್ ಮೆಥನಾಲ್ ತಾನಾಗಿ ಬಂದು ಸೇರುತ್ತದೆ. ದ್ರಾವಕದ ಪ್ರಮಾಣ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಕೊನೆಯ ಗಾತ್ರವನ್ನು ಅಳೆಯದೆ ಲೆಕ್ಕ ಹಾಕುವವರು ಎಡವುವುದು ಇಲ್ಲೇ. ಒಳಪ್ರಮಾಣಕವನ್ನು (ಹೋಲಿಕೆಗಾಗಿ ಗೊತ್ತಿರುವ ಪ್ರಮಾಣದಲ್ಲಿ ಬೆರೆಸುವ ಬೇರೊಂದು ಪದಾರ್ಥ) ಮೊದಲೇ ಸೀಸೆಗೆ ಹಾಕಿಡುವುದು ಇದಕ್ಕೆ ಮದ್ದು.

ಕರ್ನಾಟಕದ ಕೆಲಸ, ಕಾರ್ಖಾನೆಯ ದಾರಿ

ಕಾಳುಮೆಣಸು ಈ ವಿದ್ಯೆಯ ಒಳ್ಳೆಯ ಪರೀಕ್ಷೆ. ಅದರ ಖಾರದ ಪೈಪರಿನ್ ಎಲ್ಲಿ ಬಿಟ್ಟರೂ ಅಲ್ಲೇ ಕೂರುತ್ತದೆ. ಪರಿಮಳದ ಪೈನೀನ್, ಸಬಿನೀನ್, ಲಿಮೊನೀನ್‌ಗಳು ಮೊದಲ ಗುಳ್ಳೆಯೊಂದಿಗೇ ಹೊರಟುಬಿಡುತ್ತವೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ (ಸಿಎಫ್‌ಟಿಆರ್‌ಐ, ಸ್ಥಾಪನೆ 1950) ಕೆ. ಉದಯಶಂಕರ್ ಸೂಪರ್‌ಕ್ರಿಟಿಕಲ್ ಇಂಗಾಲದ ಡೈಆಕ್ಸೈಡ್‌ನಿಂದ ತೆಗೆದ ಮೆಣಸಿನೆಣ್ಣೆಯ ಗುಣಗಳ ಬಗ್ಗೆ 1989ರಲ್ಲೇ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿರಿಧರ್ ಮದ್ರಾಸ್ ಅವರ ಗುಂಪು ಘನ ಪದಾರ್ಥಗಳು ಈ ಅನಿಲದಲ್ಲಿ ಎಷ್ಟು ಕರಗುತ್ತವೆ ಎಂಬುದನ್ನು ಅಳೆದಿದೆ. ಸಂಗ್ರಹಣೆಯ ಪಾತ್ರೆಯಲ್ಲಿ ಒತ್ತಡವನ್ನು ಎಲ್ಲಿಗೆ ಇಳಿಸಬೇಕೆಂದು ನಿರ್ಧರಿಸಲು ಇಂಥ ಅಂಕಿಗಳೇ ಆಧಾರ. ಐಐಟಿ ಮುಂಬೈನ ಮಮತಾ ಮುಖೋಪಾಧ್ಯಾಯ ನೈಸರ್ಗಿಕ ಸಾರಗಳ ಬಗ್ಗೆ 2000ದಲ್ಲಿ ತಂದ ಗ್ರಂಥ ಸಂಬಾರ ಬೆಳೆಗಳಿಗೂ ಗಮನ ಕೊಟ್ಟಿದೆ.

ಕಾರ್ಖಾನೆಯಲ್ಲಿ ದ್ರಾವಕದ ಸೀಸೆ ಇರುವುದಿಲ್ಲ. ಒತ್ತಡವನ್ನು ಎರಡು-ಮೂರು ಮೆಟ್ಟಿಲಲ್ಲಿ ಇಳಿಸುತ್ತಾರೆ, ಪ್ರತಿ ಮೆಟ್ಟಿಲಲ್ಲೂ ಬೇರೆ ಪದಾರ್ಥ ಬೀಳುತ್ತದೆ. ಇಟಲಿಯ ಎರ್ನೆಸ್ಟೊ ರೆವೆರ್ಕೋನ್ ಎಲೆಗಳ ಸುಗಂಧತೈಲದಲ್ಲಿ ಇದನ್ನು ಚೆನ್ನಾಗಿ ತೋರಿಸಿದರು: ಸೊನ್ನೆ ಡಿಗ್ರಿಯ ಸುಮಾರಿಗೆ, 80-90 ಬಾರ್‌ನಲ್ಲಿ ಎಲೆಯ ಮೇಣ ಮೊದಲ ಪಾತ್ರೆಯಲ್ಲಿ ನಿಲ್ಲುತ್ತದೆ, ತೈಲ ಎರಡನೆಯದಕ್ಕೆ ಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನೂ ಪರಿಮಳವನ್ನೂ ಬೇರೆ ಬೇರೆ ಪಾತ್ರೆಗೆ ಇಳಿಸಲು ಇದೇ ತತ್ವ. ಅನಿಲವನ್ನು ಮತ್ತೆ ಒತ್ತಿ ಮರುಬಳಸುವುದರಿಂದ ಕಾರ್ಖಾನೆಯವರು ಒತ್ತಡವನ್ನು ವಾತಾವರಣದ ಮಟ್ಟಕ್ಕೆ ಇಳಿಸುವುದೇ ಇಲ್ಲ. ಪ್ರಯೋಗಾಲಯದ ಮಂಜು-ಸಿಡಿತದ ಗೋಳು ಅವರಿಗೆ ಅಷ್ಟಾಗಿ ತಟ್ಟದಿರಲು ಇದೂ ಒಂದು ಕಾರಣ.

ಆದರೂ ಕಾರ್ಖಾನೆಯಲ್ಲಿ ದ್ರಾವಕದಿಂದ ಹಿಡಿಯುವ ಒಂದು ದೊಡ್ಡ ಉದಾಹರಣೆ ಇದೆ. ಜರ್ಮನಿಯ ಮ್ಯೂಲ್‌ಹೈಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕುರ್ಟ್ ಝೋಸೆಲ್ 1960ರ ದಶಕದಲ್ಲಿ ಕಾಫಿಬೀಜದಿಂದ ಕೆಫೀನ್ ತೆಗೆಯುವ ದಾರಿ ಕಂಡರು. ಕೆಫೀನನ್ನು ಅನಿಲದಿಂದ ಬಿಡಿಸಲು ಅವರ ಮುಂದಿದ್ದ ಆಯ್ಕೆಗಳು ನೀರು ಮತ್ತು ಇದ್ದಿಲು. 1988ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಆರಂಭವಾದ ಕಾರ್ಖಾನೆಯಲ್ಲಿ ಅನಿಲವನ್ನು ಒತ್ತಡದಲ್ಲೇ ಇಟ್ಟು, ಎದುರಿನಿಂದ ನೀರು ಹರಿಸಿ ಕೆಫೀನನ್ನು ತೊಳೆದುಕೊಂಡರು. ಅನಿಲ ಕಾಫಿಯತ್ತ ಹಿಂದಿರುಗಿತು, ಕೆಫೀನ್ ನೀರಿನಲ್ಲಿ ಉಳಿಯಿತು. ಒತ್ತಡವನ್ನೇ ಇಳಿಸದೆ ಸಾರ ಹಿಡಿದದ್ದು ಇದರ ಜಾಣತನ. ದೇಶದ ಕಾಫಿಯ ಸುಮಾರು ಮುಕ್ಕಾಲು ಪಾಲು ಬೆಳೆಯುವ ನಾಡಿನವರು ತಿಳಿದಿರಬೇಕಾದ ಸಂಗತಿ.

ಹಿನ್ನೆಲೆ, ಏರಿಳಿತ

ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ 1822ರಲ್ಲಿ ಮುಚ್ಚಿದ ನಳಿಕೆಯಲ್ಲಿ ದ್ರವ-ಅನಿಲಗಳ ಗೆರೆ ಅಳಿಸಿಹೋಗುವುದನ್ನು ಗಮನಿಸಿದ. ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರೂಸ್ 1869ರಲ್ಲಿ ಇಂಗಾಲದ ಡೈಆಕ್ಸೈಡ್‌ನ ಸಂದಿಗ್ಧ ಬಿಂದುವನ್ನು ವಿವರಿಸಿದ. 1879ರಲ್ಲಿ ಹ್ಯಾನೆ ಮತ್ತು ಹೋಗಾರ್ತ್, ಒತ್ತಡದ ಅನಿಲದಲ್ಲಿ ಕರಗಿದ ಲವಣ ಒತ್ತಡ ಇಳಿದಾಗ ಮತ್ತೆ ಘನವಾಗಿ ಉದುರುವುದನ್ನು ತೋರಿಸಿದರು. ಸಂಗ್ರಹಣೆಯ ಮೊದಲ ವರದಿ ಅದೇ ಎನ್ನಬೇಕು.

ವಿಶ್ಲೇಷಣೆಯ ಕ್ಷೇತ್ರದಲ್ಲಿ ಸೂಪರ್‌ಕ್ರಿಟಿಕಲ್ ವಿಧಾನದ ವೈಭವ 1980ರ ದಶಕದ ಕೊನೆಯಿಂದ ಹತ್ತು ವರ್ಷ ಮಾತ್ರ. ಕ್ಲೋರಿನ್ ದ್ರಾವಕಗಳಿಗೆ ಕಡಿವಾಣ ಬೀಳುತ್ತಿದ್ದ ಕಾಲ ಅದು. ಕುದಿಸಿದ ದ್ರಾವಕವನ್ನು ಮತ್ತೆ ಮತ್ತೆ ಹಾಯಿಸಿ ಸಾರ ತೆಗೆಯುವ ಸಾಕ್ಸ್‌ಲೆಟ್ ಉಪಕರಣಕ್ಕೆ ನೂರಾರು ಮಿಲಿಲೀಟರ್ ದ್ರಾವಕ ಬೇಕು, ಇಲ್ಲಿ ಹತ್ತು ಮಿಲಿಲೀಟರ್ ಸಾಕು. 'ದ್ರಾವಕವೇ ಇಲ್ಲದ ವಿಧಾನ' ಎಂಬ ಪ್ರಚಾರ ಮಾತ್ರ ಅತಿಯಾಯಿತು. ಮುಂಬಾಗಿಲಿನಿಂದ ಕಳಿಸಿದ ದ್ರಾವಕ ಸಂಗ್ರಹಣೆಯ ಹಿಂಬಾಗಿಲಿನಿಂದ ಒಳಗೆ ಬಂದೇ ಬಂತು. 1995ರಲ್ಲಿ ಬಿಸಿ ದ್ರಾವಕವನ್ನೇ ಒತ್ತಡದಲ್ಲಿ ಹಾಯಿಸುವ ಉಪಕರಣ ಮಾರುಕಟ್ಟೆಗೆ ಬಂದಾಗ ಎಷ್ಟೋ ಪ್ರಯೋಗಾಲಯಗಳು ಅತ್ತ ವಾಲಿದವು. ಅದರಲ್ಲಿ ಸಂಗ್ರಹಣೆ ಎಂಬ ಸಮಸ್ಯೆಯೇ ಇರಲಿಲ್ಲ. ದ್ರಾವಕ ಹಾಗೇ ಸೀಸೆಗೆ ಬೀಳುತ್ತಿತ್ತು. ಸಾರ ತೆಗೆಯುವುದರಲ್ಲಿ ಗೆದ್ದಿದ್ದ ವಿಧಾನವೊಂದು ಹಿಂದೆ ಬೀಳಲು ಈ ಕೊನೆಯ ಹಂತದ ಕಿರಿಕಿರಿಯ ಪಾಲು ದೊಡ್ಡದೆಂದೇ ತೋರುತ್ತದೆ.

ಸುರಕ್ಷೆಯ ಮಾತು ಚಿಕ್ಕದು, ಬಿಡುವಂತಿಲ್ಲ. ಸೀಸೆಯಿಂದ ಏಳುವ ದ್ರಾವಕದ ಆವಿಯನ್ನು ಹೊಗೆಗೂಡಿನೊಳಗೆ ಬಿಡಬೇಕು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಎಂಟು ಗಂಟೆ ಕೆಲಸಕ್ಕೆ ಒಪ್ಪಿತವಾದ ಮಿತಿ ಹತ್ತು ಲಕ್ಷಕ್ಕೆ 5,000 ಪಾಲು. ಕಿಟಕಿಯಿಲ್ಲದ ಕೋಣೆಯಲ್ಲಿ ದೊಡ್ಡ ಉಪಕರಣ ಓಡಿಸಬಾರದು.

ಹೊಸದಾಗಿ ಕೆಲಸ ಆರಂಭಿಸುವವರು ಮಾದರಿಯನ್ನು ಮುಟ್ಟುವ ಮುನ್ನ ಒಂದು ಪರೀಕ್ಷೆ ಮಾಡಬೇಕು. ಹಿಡಿಯಬೇಕಾದ ಪದಾರ್ಥದ ಗೊತ್ತಿರುವ ಪ್ರಮಾಣವನ್ನು ನೇರ ಸಂಗ್ರಹಣೆಯ ದ್ರಾವಕಕ್ಕೇ ಹಾಕಿ, ಖಾಲಿ ಅನಿಲವನ್ನು ಅಷ್ಟೇ ಹೊತ್ತು ಅಷ್ಟೇ ವೇಗದಲ್ಲಿ ಹಾಯಿಸಿ, ಎಷ್ಟು ಉಳಿಯಿತೆಂದು ಅಳೆಯುವುದು. ಬೀಜದಿಂದ ನೂರಕ್ಕೆ 95 ತೆಗೆದು, ಸೀಸೆಯಲ್ಲಿ ಅದರ ನೂರಕ್ಕೆ 80 ಮಾತ್ರ ಹಿಡಿದರೆ ವರದಿಯಲ್ಲಿ ಬರುವುದು 76. ಓದುವವರು ತಪ್ಪನ್ನು ಬೀಜದ ಮೇಲೋ ಒತ್ತಡದ ಮೇಲೋ ಹೊರಿಸುತ್ತಾರೆ. ಸಂಗ್ರಹಣೆಯ ದ್ರಾವಕ, ಅದರ ಉಷ್ಣತೆ, ಹರಿವಿನ ವೇಗ, ಈ ಖಾಲಿ ಪರೀಕ್ಷೆಯ ಫಲ, ಈ ನಾಲ್ಕನ್ನೂ ಕೊಡದ ವರದಿಯ ಅಂಕಿಗಳನ್ನು ಬೇರೆಯವರ ಅಂಕಿಗಳೊಂದಿಗೆ ಹೋಲಿಸಬಾರದು.